ವಾಲಿಬಾಲ್ ಸರ್ವಿಸ್: ಬಲ ಮತ್ತು ನಿಖರತೆಯ ಹದ

ಕಲಿಕಾಂಶ: ತನ್ನ ಶಕ್ತಿಗೆ ತಕ್ಕ ಸರ್ವಿಸನ್ನು ವಿದ್ಯಾರ್ಥಿಯು ಸ್ವಂತ ಲೆಕ್ಕದ ಆಧಾರದಿಂದ ಕಂಡುಕೊಳ್ಳುವನು.
ತರಗತಿ: 7ರಿಂದ 9. ಅವಧಿ: ಎರಡು. ಗಣಿತದೊಂದಿಗೆ ಸಂಯೋಜಿತ.

ಹಿನ್ನೆಲೆ

ವಾಲಿಬಾಲ್ ಅಂಕಣದ ಉದ್ದ 18 ಮೀಟರ್, ಅಗಲ 9 ಮೀಟರ್. ಅಂತಿಮ ಗೆರೆಯ ಹಿಂದೆ ನಿಂತ ಆಟಗಾರನು ಸೀಟಿ ಊದಿದ 8 ಸೆಕೆಂಡುಗಳೊಳಗೆ ಚೆಂಡನ್ನು ಬಲೆಯಾಚೆಗೆ ಕಳುಹಿಸಬೇಕು, ಅವಕಾಶ ಒಂದೇ. ಹಿಂದೆ ಸರ್ವಿಸ್ ಮಾಡುವ ತಂಡಕ್ಕೆ ಮಾತ್ರ ಅಂಕ ದೊರೆಯುತ್ತಿದ್ದುದರಿಂದ, ಸರ್ವಿಸ್ ತಪ್ಪಿದರೆ ಸರದಿಯಷ್ಟೇ ಕೈತಪ್ಪುತ್ತಿತ್ತು. ಇಂದಿನ ನಿಯಮದಲ್ಲಿ ಪ್ರತಿ ರ‍್ಯಾಲಿಗೂ ಅಂಕವಿದೆ. ತಪ್ಪಿದ ಸರ್ವಿಸ್ ಎದುರಾಳಿಗೆ ಅಂಕವನ್ನೂ ಸರ್ವಿಸನ್ನೂ ಒಟ್ಟಿಗೆ ಒಪ್ಪಿಸುತ್ತದೆ.

ಹಾಗೆಂದು ಚೆಂಡನ್ನು ಕೇವಲ ದಾಟಿಸಿದರೆ ಸಾಲದು. ಅಂಕಣದ ನಡುವೆ ಮೆಲ್ಲಗಿಳಿದ ಚೆಂಡನ್ನು ಎದುರಾಳಿಗಳು ಸುಲಭವಾಗಿ ಎತ್ತಿ ಸ್ಮ್ಯಾಷ್ ಹೊಡೆಯುತ್ತಾರೆ. ಆದ್ದರಿಂದ ಹದವನ್ನು ಹುಡುಕಬೇಕಾಗುತ್ತದೆ.

ಚಟುವಟಿಕೆ 1: ನಿಖರತೆ

ಮೊದಲು ಕೈಕೆಳಗಿನ ಸರ್ವಿಸ್ ಕಲಿಸಬೇಕು. ಬಲಗೈಯವರು ಎಡಗಾಲನ್ನು ಮುಂದಿಟ್ಟು, ಎಡಗೈಯಲ್ಲಿ ಸೊಂಟದ ಮಟ್ಟಕ್ಕೆ ಹಿಡಿದ ಚೆಂಡನ್ನು ತುಸುವೇ ಎತ್ತಿ ಬಿಟ್ಟು, ಅಂಗೈಯ ಬುಡದಿಂದ ಹೊಡೆಯಬೇಕು. ಬಲೆಯಿಂದ 4.5 ಮೀಟರ್ ದೂರದಲ್ಲಿ ಆರಂಭಿಸಿ, 10ರಲ್ಲಿ 8 ಒಳಬಿದ್ದ ಬಳಿಕ 6 ಮೀಟರಿಗೆ, ಅನಂತರ 9 ಮೀಟರಿಗೆ ಸರಿಯಬೇಕು. ಉಂಡವಳ್ಳಿಯಂತಹ ಊರುಗಳ ಬಯಲು ಅಂಕಣದಲ್ಲಿ ಗಾಳಿಯನ್ನೂ ಗಮನಿಸಬೇಕು: ಎದುರುಗಾಳಿಗೆ ಚೆಂಡು ಮೊದಲೇ ಇಳಿಯುತ್ತದೆ, ಹಿಂಗಾಳಿಗೆ ಗೆರೆ ದಾಟುತ್ತದೆ. ಎರಡೂ ಬದಿಯಿಂದ ಅಭ್ಯಾಸ ಮಾಡಿಸುವುದು ಅಗತ್ಯ.

ಚಟುವಟಿಕೆ 2: ಬಲ

ನಿಲುವು, ಎತ್ತುಗೆ, ಹೊಡೆತದ ಜಾಗ ಇವು ಬದಲಾಗದಂತೆ ತೋಳಿನ ವೇಗವನ್ನು ಮಾತ್ರ ಹಂತಹಂತವಾಗಿ ಹೆಚ್ಚಿಸಬೇಕು. ದೇಹದ ಭಾರ ಹಿಂಗಾಲಿನಿಂದ ಮುಂಗಾಲಿಗೆ ಸಾಗಿದಾಗ ಬಲ ತಾನಾಗಿ ಬರುತ್ತದೆ.

ಚಟುವಟಿಕೆ 3: ಲೆಕ್ಕ

ಪ್ರತಿ ವಿದ್ಯಾರ್ಥಿಯು ಆಟದಲ್ಲಿ ಮೂರು ಬಗೆಯ ತಲಾ 20 ಸರ್ವಿಸ್‌ಗಳ ಫಲವನ್ನು ಬರೆದಿಡಲಿ. ಒಂದು ಕಲ್ಪಿತ ಉದಾಹರಣೆ:

ಮೆಲು ಸರ್ವಿಸ್: ಒಳಬಿದ್ದದ್ದು 18, ಗೆದ್ದ ಅಂಕ 7.
ಮಧ್ಯಮ ಸರ್ವಿಸ್: ಒಳಬಿದ್ದದ್ದು 15, ಗೆದ್ದ ಅಂಕ 8.
ಬಿರುಸಿನ ಸರ್ವಿಸ್: ಒಳಬಿದ್ದದ್ದು 11, ಗೆದ್ದ ಅಂಕ 6.

ಒಳಬಿದ್ದವುಗಳಲ್ಲಿ ಗೆದ್ದ ಪ್ರಮಾಣ ಬಿರುಸಿನ ಸರ್ವಿಸ್‌ಗೇ ಹೆಚ್ಚು: 11ರಲ್ಲಿ 6. ಆದರೆ ಹೊರಹೋದ 9ನ್ನು ಸೇರಿಸಿದಾಗ ಅದು ಕೊನೆಯ ಸ್ಥಾನಕ್ಕಿಳಿಯುತ್ತದೆ. ಭಾಗಿಸುವ ಸಂಖ್ಯೆ 11 ಅಲ್ಲ, 20 ಏಕೆ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಬೇಕು. ಬಿರುಸಿನ ಒಂದು ಹೊಡೆತ ನೆನಪಿನಲ್ಲಿ ಉಳಿಯುತ್ತದೆ, ಹೊರಹೋದವು ಮರೆಯುತ್ತವೆ. ಬರೆದಿಟ್ಟ ಲೆಕ್ಕ ಎರಡನ್ನೂ ತೋರಿಸುತ್ತದೆ. ಉತ್ತರ ಎಲ್ಲರಿಗೂ ಒಂದೇ ಆಗಬೇಕಿಲ್ಲ. ಅಭ್ಯಾಸ ಬೆಳೆದಂತೆ ಒಬ್ಬರ ಉತ್ತರವೂ ಬದಲಾಗುತ್ತದೆ.

ಶಿಕ್ಷಕರ ಗಮನಕ್ಕೆ

ಚೆಂಡನ್ನು ದಾಟಿಸಲಾಗದ ಮಗುವನ್ನು ಅಂಕಣದಿಂದ ಹೊರಗೆ ಕೂರಿಸುವ ರೂಢಿ ಹಲವೆಡೆ ಇದೆ. ಹೊರಗೆ ಕುಳಿತ ಮಗು ಚೆಂಡನ್ನು ಹೆಕ್ಕಿ ಕೊಡುವುದನ್ನಷ್ಟೇ ಕಲಿಯುತ್ತದೆ. 1895ರಲ್ಲಿ ಅಮೆರಿಕದ ಹೋಲಿಯೋಕ್‌ನಲ್ಲಿ ವಿಲಿಯಂ ಮಾರ್ಗನ್ ಈ ಆಟವನ್ನು ರೂಪಿಸಿದ್ದೇ ಬಾಸ್ಕೆಟ್‌ಬಾಲ್‌ನಷ್ಟು ಶ್ರಮ ತಾಳಲಾರದವರ ವಿನೋದಕ್ಕಾಗಿ. ಆದ್ದರಿಂದ ಅಂತಹ ಮಗುವಿಗೆ 6 ಮೀಟರಿನಲ್ಲಿ ಪ್ರತ್ಯೇಕ ಗೆರೆ ಎಳೆದು, ತಂಡದಲ್ಲಿಯೇ ಉಳಿಸಿಕೊಳ್ಳಬೇಕು.

ಮೌಲ್ಯಮಾಪನ

ಯಾರ ಹೊಡೆತ ಬಿರುಸು ಎಂಬುದನ್ನು ಅಳೆಯಬಾರದು. ಮೊದಲ ವಾರದ ಮತ್ತು ನಾಲ್ಕನೆಯ ವಾರದ ದಾಖಲೆಗಳನ್ನು ಹೋಲಿಸಿ, ತಾನು ಆರಿಸಿದ ಸರ್ವಿಸ್‌ಗೆ ಕಾರಣವನ್ನು ವಿದ್ಯಾರ್ಥಿಯು ಕನ್ನಡದಲ್ಲಿ ಮೂರು ವಾಕ್ಯಗಳಲ್ಲಿ ಬರೆಯಲಿ.