ಮಕ್ಕಳ ಅಭಿರಕ್ಷೆ ಮತ್ತು ಭೇಟಿ: ಆದೇಶವನ್ನು ಪಾಲಿಸದಿದ್ದಾಗ

ದಾಂಪತ್ಯ ಮುರಿದಾಗ ಮಗು ಯಾರ ಅಭಿರಕ್ಷೆಯಲ್ಲಿರಬೇಕು, ಇನ್ನೊಬ್ಬರು ಅದನ್ನು ಎಂದು, ಎಲ್ಲಿ ಕಾಣಬೇಕು ಎಂಬುದನ್ನು ನ್ಯಾಯಾಲಯವು ಗೊತ್ತುಪಡಿಸುತ್ತದೆ. ಆದೇಶ ಪಡೆಯುವುದಕ್ಕಿಂತ ಅದನ್ನು ಜಾರಿಗೆ ತರಿಸಿಕೊಳ್ಳುವುದೇ ಅನೇಕರಿಗೆ ಕಷ್ಟ. ತಿಂಗಳಿಗೆ ಎರಡು ಶನಿವಾರ ಮಗುವನ್ನು ತಂದೆಗೆ ಭೇಟಿ ಮಾಡಿಸಬೇಕೆಂದು ಪುಣೆಯ ಕೌಟುಂಬಿಕ ನ್ಯಾಯಾಲಯವು ಆದೇಶಿಸಿದೆ ಎಂದಿಟ್ಟುಕೊಳ್ಳೋಣ. ಮೊದಲ ಸಲ ಮಗುವಿಗೆ ಜ್ವರ. ಎರಡನೆಯ ಸಲ ಪರೀಕ್ಷೆ. ಮೂರನೆಯ ಸಲ ಮನೆಗೆ ಬೀಗ, ಮಗು ಹೈದರಾಬಾದಿನ ಅಜ್ಜಿಯ ಮನೆಯಲ್ಲಿ.

ಆಗ ಶಾಲೆಯ ಬಾಗಿಲಿನಿಂದ ಮಗುವನ್ನು ಕರೆದೊಯ್ಯುವುದಾಗಲಿ ಜೀವನಾಂಶ ನಿಲ್ಲಿಸುವುದಾಗಲಿ ಸಲ್ಲದು. ಜೀವನಾಂಶದ ಆದೇಶ ಬೇರೆ, ಭೇಟಿಯ ಆದೇಶ ಬೇರೆ. ತಪ್ಪಿಹೋದ ಪ್ರತಿಯೊಂದು ಭೇಟಿಯ ದಿನಾಂಕವನ್ನೂ ದೊರೆತ ಉತ್ತರವನ್ನೂ ಬರೆದಿಟ್ಟುಕೊಂಡು, ಆದೇಶದ ದೃಢೀಕೃತ ನಕಲಿನೊಡನೆ ಅದೇ ನ್ಯಾಯಾಲಯಕ್ಕೆ ಅಮಲ್ಜಾರಿ ಅರ್ಜಿ ಸಲ್ಲಿಸಬೇಕು.

1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 18ನೆಯ ಕಲಮಿನ ಮೇರೆಗೆ ಇಂತಹ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ. ಆದೇಶವಿತ್ತ ನ್ಯಾಯಾಲಯವೇ ಅದನ್ನು ಜಾರಿಗೊಳಿಸಬಹುದು. ಇಲ್ಲವೆ ಬೇರೊಂದು ಊರಿನ ನ್ಯಾಯಾಲಯಕ್ಕೆ ಕಳುಹಿಸಬಹುದು. ಮಗು ಹೈದರಾಬಾದಿನಲ್ಲಿದೆಯೆಂಬ ಕಾರಣಕ್ಕೆ ಅಲ್ಲಿ ಹೊಸದಾಗಿ ವಾದ ಹೂಡಬೇಕಿಲ್ಲ. ರಾಜ್ಯದಿಂದ ರಾಜ್ಯಕ್ಕೆ ವಲಸೆ ಹೋಗುವ ಕುಟುಂಬಗಳು ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು.

ಎಲ್ಲ ಮತಧರ್ಮದವರೂ ಆಶ್ರಯಿಸಬಹುದಾದ ಕಾನೂನು 1890ರ ಪಾಲಕರು ಮತ್ತು ಪಾಲಿತರ ಅಧಿನಿಯಮ. ಪಾಲಕರ ಅಭಿರಕ್ಷೆಯಿಂದ ಒಯ್ದ ಮಗುವನ್ನು ಹಿಂದಿರುಗಿಸುವಂತೆ 25ನೆಯ ಕಲಮಿನ ಮೇರೆಗೆ, ಮಗುವಿನ ಹಿತಕ್ಕೆ ಅನುಗುಣವಾಗಿದ್ದರೆ ಮಾತ್ರ, ಆದೇಶಿಸಬಹುದು. ಅದನ್ನು ಪಾಲಿಸದವರಿಗೆ 45ನೆಯ ಕಲಮಿನಲ್ಲಿ 100 ರೂಪಾಯಿವರೆಗೆ ದಂಡವಿದೆ. ಹಟ ಮುಂದುವರಿದರೆ ದಿನಕ್ಕೆ 10 ರೂಪಾಯಿವರೆಗೆ, ಒಟ್ಟು 500 ಮೀರದಂತೆ. ಈ ಹಳೆಯ ಮೊತ್ತಕ್ಕೆ ಇಂದು ಹೆದರುವವರಾರು? ಆದರೆ ಸಿವಿಲ್ ಬಂದೀಖಾನೆಯಲ್ಲಿರಿಸುವ ಅಧಿಕಾರವೂ ಅದೇ ಕಲಮಿನಲ್ಲಿದೆ.

ಉದ್ದೇಶಪೂರ್ವಕ ಉಲ್ಲಂಘನೆಯು ನ್ಯಾಯಾಲಯ ನಿಂದನೆಯೂ ಆಗುತ್ತದೆ. 1971ರ ಅಧಿನಿಯಮದಂತೆ ಗರಿಷ್ಠ ಶಿಕ್ಷೆ ಆರು ತಿಂಗಳ ಸಾದಾ ಸೆರೆವಾಸ, 2,000 ರೂಪಾಯಿ ದಂಡ ಅಥವಾ ಎರಡೂ. ಕಾಲಮಿತಿ ಒಂದು ವರ್ಷ. ಮಗುವನ್ನು ಸಾಕುತ್ತಿರುವವರನ್ನೇ ಸೆರೆಗೆ ಕಳುಹಿಸಿದರೆ ನೋವು ಮಗುವಿಗೇ ತಟ್ಟುವುದರಿಂದ ಇದು ಕೊನೆಯ ಅಸ್ತ್ರ. ಅದಕ್ಕೆ ಮೊದಲು ಆಪ್ತಸಮಾಲೋಚಕರ ನೆರವು, ಭೇಟಿಯ ಸ್ಥಳದ ಬದಲಾವಣೆ, ತಪ್ಪಿದ ದಿನಗಳಿಗೆ ಬದಲಿ ದಿನಗಳನ್ನು ಕೋರುವುದು ಲೇಸು. ದೂರದ ಊರುಗಳಲ್ಲಿರುವವರಿಗೆ ವಿಡಿಯೊ ಕರೆಯ ಮೂಲಕ ಸಂಪರ್ಕದ ಅವಕಾಶವಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ.

ಮಗುವೇ ಬರಲೊಲ್ಲದಿದ್ದರೆ, ಅಥವಾ ಭೇಟಿಯಿಂದ ಅದಕ್ಕೆ ಅಪಾಯವಿದೆಯೆಂಬ ಭಯವಿದ್ದರೆ, ಆದೇಶವನ್ನು ಮಾರ್ಪಡಿಸುವಂತೆ ಅರ್ಜಿ ಸಲ್ಲಿಸಬೇಕು. ತಾವಾಗಿಯೇ ಭೇಟಿಯನ್ನು ತಡೆಯುವುದು ಉಲ್ಲಂಘನೆಯೆನಿಸುತ್ತದೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯಮಿತಿಯಿಲ್ಲದೆ ಉಚಿತ ವಕೀಲರ ನೆರವು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದೊರೆಯುತ್ತದೆ. ದೂರವಾಣಿ ಸಂಖ್ಯೆ 15100.