ಮಠದ ಹಾಸ್ಟೆಲಿನ ನೆನಪು ಬರೆಯುವವರಿಗೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ಕಾಳಾಮುಖ ಶೈವ ಪಂಥದ ಗುರುಗಳು ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುತ್ತಿದ್ದರು. ಬಡವರಿಗೆ ಅನ್ನ, ರೋಗಿಗಳಿಗೆ ಮದ್ದೂ ಅಲ್ಲಿತ್ತು. 1162ರ ಶಾಸನ ಇಷ್ಟನ್ನು ಹೇಳುತ್ತದೆ. ಓದಿದ ಹುಡುಗರ ಮಾತು ಮಾತ್ರ ಅದರಲ್ಲಿಲ್ಲ. ತಾಳಗುಂದದ ಶಾಸನವೂ ಹಾಗೆಯೇ: ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಕಲಿಯಲು ಕಂಚಿಗೆ ಹೋದದ್ದು, ಅಲ್ಲಿ ಜಗಳವಾದದ್ದು ಉಂಟು, ಪಾಠದ ಸುದ್ದಿ ಇಲ್ಲವೆಂದೇ ಹೇಳಬೇಕು.

ಆ ಕೊರತೆ ಈಗಲೂ ಉಳಿಯಬಾರದೆಂದರೆ, ಶಿಕಾರಿಪುರ, ಸೊರಬದ ಕಡೆಯಿಂದ ಹೋಗಿ ಮಠದ ಹಾಸ್ಟೆಲುಗಳಲ್ಲಿ ಓದಿದವರು ನೆನಪು ಬರೆಯುವಾಗ ಸ್ವಾಮಿಗಳ ಗುಣಗಾನಕ್ಕಿಂತ ಮೊದಲು ದಿನಚರಿ ಹಿಡಿಯುವುದು ಒಳ್ಳೆಯದು: ನಸುಕಿನ ಗಂಟೆ, ತಣ್ಣೀರ ಸ್ನಾನ, ಒದ್ದೆ ಹಣೆಗೆ ವಿಭೂತಿ, ತಟ್ಟೆ ಹಿಡಿದು ನಿಂತ ಪ್ರಸಾದದ ಸಾಲು, ಟ್ರಂಕಿನ ತಳದಲ್ಲಿ ಬಚ್ಚಿಟ್ಟ ಅವಲಕ್ಕಿ. ಏಟು ತಿಂದದ್ದನ್ನೂ ಬಿಡಬಾರದು. ಇಸವಿಗೆ ಅಂಕಪಟ್ಟಿ ಸಾಕು. ಒಂದೇ ಕೋಣೆಯಲ್ಲಿದ್ದವರಿಗೆ ಒಮ್ಮೆ ಓದಿಸಿದರೆ ಉಳಿದ ತಪ್ಪು ಅಲ್ಲೇ ಸಿಗುತ್ತದೆ.