ಬಣ್ಣ ಉಳಿಯಬೇಕು, ವಾರ್ನಿಷ್ ಮಾತ್ರ ಹೋಗಬೇಕು

ಮಕ್ಕಳೇ, ಪಲ್ಲಡಂ ಕಡೆ ಪವರ್‌ಲೂಮ್ ಇರುವ ಮನೆಗಳಲ್ಲಿ ಇದನ್ನು ನೀವು ನೋಡಿರ್ತೀರಿ. ನೇಯ್ದ ಬಟ್ಟೆಯ ಮೇಲೆ ಒಂದು ಹನಿ ಎಣ್ಣೆ ಬಿತ್ತು. ಯಾರೋ ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದರು. ಒಂದು ರೂಪಾಯಿ ನಾಣ್ಯದಷ್ಟಿದ್ದ ಕಲೆ ಅಂಗೈ ಅಗಲ ಆಯ್ತು! ಸೀಮೆಎಣ್ಣೆ ಎಣ್ಣೆಯನ್ನು ಕರಗಿಸಿತು, ನಿಜ. ಆದರೆ ಕರಗಿದ್ದು ನೂಲಿನ ಸಂದಿಯಲ್ಲೆಲ್ಲ ಹರಡಿಬಿಟ್ಟಿತು. ಬಟ್ಟೆಯಾದರೆ ಮತ್ತೆ ಒಗೆಯಬಹುದು. ವರ್ಣಚಿತ್ರವಾದರೆ?

ಹೊಳಪಿಗೂ ರಕ್ಷಣೆಗೂ ಚಿತ್ರದ ಮೇಲೆ ವಾರ್ನಿಷ್ ಬಳಿಯುವುದುಂಟು. ಮರದ ರಾಳದಿಂದ ಮಾಡಿದ ವಾರ್ನಿಷ್ ಬೆಳಕು ಮತ್ತು ಆಮ್ಲಜನಕದಿಂದ ವರ್ಷಗಳಲ್ಲಿ ಹಳದಿಯಾಗುತ್ತದೆ. ನೀಲಿ ಆಕಾಶ ಹಸಿರಾಗಿ ಕಾಣುತ್ತದೆ. ಕಡ್ಡಿಗೆ ಹತ್ತಿ ಸುತ್ತಿ, ದ್ರಾವಕದಲ್ಲಿ ಅದ್ದಿ, ಮೆಲ್ಲಗೆ ಉರುಳಿಸಿ ತೆಗೆಯುವುದು ಹಳೆಯ ಪದ್ಧತಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಚಿತ್ರಗಳಂಥ ತೈಲಚಿತ್ರಗಳಲ್ಲಿ ಎಣ್ಣೆ ಕಾಲಕ್ರಮದಲ್ಲಿ ಆಮ್ಲಜನಕ ಹೀರಿ ಗಟ್ಟಿಯಾದ ಅಣುಜಾಲವಾಗಿರುತ್ತದೆ. ಎಚ್ಚರ ಅಲ್ಲೂ ಬೇಕು, ಆದರೂ ಅದು ಒಂದಿಷ್ಟು ತಡೆಯುತ್ತದೆ.

ಕಷ್ಟ ಇರುವುದು ಆಧುನಿಕ ಚಿತ್ರಗಳಲ್ಲಿ. 1950ರ ದಶಕದಿಂದ ಕಲಾವಿದರು ಬಳಸತೊಡಗಿದ ಅಕ್ರಿಲಿಕ್ ಬಣ್ಣ ಒಂದು ಬಗೆಯ ಪ್ಲಾಸ್ಟಿಕ್. ಅದರ ಅಣುಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡಿರುವುದಿಲ್ಲ. ವಾರ್ನಿಷ್ ಕರಗಿಸುವ ಅಸಿಟೋನ್ ಬಣ್ಣವನ್ನೂ ಕರಗಿಸುತ್ತದೆ. ಬರೀ ನೀರಿಗೂ ಅದು ಉಬ್ಬುತ್ತದೆ! ಹತ್ತಿಯಲ್ಲಿ ಬಣ್ಣ ಬಂತೋ, ಅದು ವಾಪಸ್ ಹೋಗಲ್ಲ.

ಹಾಗಾದರೆ ಏನು ಮಾಡೋದು? ದ್ರವವನ್ನು ಕಟ್ಟಿಹಾಕಬೇಕು. ಜೆಲ್ ಮಾಡುವ ಕೆಲಸ ಇದೇ. ಅದರ ಪಾಲಿಮರ್ ಬಲೆಯಲ್ಲಿ ದ್ರವ ಸಿಕ್ಕಿಕೊಂಡಿರುತ್ತದೆ. ಮುಟ್ಟಿದ ಜಾಗಕ್ಕೆ ಮಾತ್ರ ಸ್ವಲ್ಪ ಸ್ವಲ್ಪವೇ ಒಸರುತ್ತದೆ, ಆಳಕ್ಕೆ ಇಳಿಯುವುದು ತೀರಾ ಕಡಿಮೆ. ಉಜ್ಜುವ ಅಗತ್ಯವೂ ತಗ್ಗುತ್ತದೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ರಿಚರ್ಡ್ ವೋಲ್ಬರ್ಸ್ 1980ರ ದಶಕದಲ್ಲಿ ದ್ರಾವಕ ಜೆಲ್‌ಗಳನ್ನು ಬಳಕೆಗೆ ತಂದರು. ಅವು ಗಂಜಿಯಂತೆ ಮಂದ. ತೆಗೆದ ಮೇಲೂ ಅಂಟು ಉಳಿಯುವ ಭಯ. ಮುಂದೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಪಿಯೆರೊ ಬಾಲ್ಯೋನಿ ಅವರ ತಂಡ ಹಾಳೆಯಂತೆ ಇಟ್ಟು, ಹಾಳೆಯಂತೆಯೇ ಎತ್ತಬಹುದಾದ ಜೆಲ್ ಮಾಡಿತು. ವೆನಿಸ್‌ನಲ್ಲಿರುವ ಜಾಕ್ಸನ್ ಪೊಲಾಕ್‌ರ ಚಿತ್ರದ ಕೊಳೆಯನ್ನು ಅದರಿಂದಲೇ ತೆಗೆದರು. ಯಾವ ಜೆಲ್ ಆದರೂ ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ, ಆಮೇಲೆ ಉಳಿದದ್ದು.

ಇನ್ನೊಂದು ಜೆಲ್ ನಮ್ಮ ರಾಜ್ಯದ ಕಡಲಿನದೇ. ರಾಮನಾಥಪುರದ ಕರಾವಳಿಯಲ್ಲಿ ಹೆಂಗಸರು ಮುಳುಗಿ ತೆಗೆಯುವ ಕೆಂಪು ಪಾಚಿಯಿಂದ ಅಗರ್ ಸಿಗುತ್ತದೆ. ಅಂಗಡಿಯಲ್ಲಿ ಇದನ್ನೇ ಚೈನಾ ಗ್ರಾಸ್ ಅಂತಾರೆ. ಸಂರಕ್ಷಕರೂ ಇದನ್ನು ಬಳಸುತ್ತಾರೆ, ಆದರೆ ಹೆಚ್ಚಾಗಿ ನೀರಿನಲ್ಲಿ ಹೋಗುವ ಕೊಳೆಗೆ. ರಾಳದ ವಾರ್ನಿಷ್ ನೀರಿಗೆ ಕರಗದು. ಅದಕ್ಕೆ ದ್ರಾವಕ ಹಿಡಿಯುವ ಜೆಲ್ಲೇ ಬೇಕು.

ದೊಡ್ಡವರ ಜೊತೆ ಸೇರಿ ಮಾಡಿ ನೋಡಿ: 100 ಮಿ.ಲೀ. ನೀರಿಗೆ 3 ಗ್ರಾಂ ಅಗರ್ ಹಾಕಿ, ಪೂರ್ತಿ ಕರಗುವವರೆಗೆ ಕುದಿಸಿ, ತಟ್ಟೆಯಲ್ಲಿ ಆರಲು ಬಿಡಿ. ದಪ್ಪ ಕಾಗದದ ಮೇಲೆ ಸ್ಕೆಚ್ ಪೆನ್ನಿನಿಂದ ಎರಡು ಚುಕ್ಕೆ ಇಡಿ. ಒಂದರ ಮೇಲೆ ನೀರಿನ ಹನಿ, ಇನ್ನೊಂದರ ಮೇಲೆ ಜೆಲ್ ತುಂಡು. ಐದು ನಿಮಿಷ ಬಿಟ್ಟು ತುಂಡನ್ನು ಎತ್ತಿ. ಶಾಯಿ ಎಲ್ಲಿಗೆ ಹೋಯ್ತು? ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿ. ಮನೆಯ ಗೋಡೆಯ ಮೇಲಿನ ಚಿತ್ರದ ಮೇಲೆ ಮಾತ್ರ ಪ್ರಯೋಗ ಬೇಡ!